ದಮ್ಮು ಬೇರೆ, ಕಸುವು ಬೇರೆ

ಸಂಪಾದಕರಿಗೆ,

ಮಾನ್ಯರೇ,

ಬದುಕಿನುದ್ದಕ್ಕೂ ಓಟ, ಈಜು, ಸೈಕಲ್ ಸವಾರಿಗಳನ್ನು ಬಿಡದೆ ನಡೆಸಿಕೊಂಡು ಬಂದವರ ಸ್ನಾಯುಗಳಿಗೆ ಮುಪ್ಪೇ ತಟ್ಟುವುದಿಲ್ಲ ಎಂಬ ಧಾಟಿಯ ಲೇಖನವೊಂದು ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಪ್ರಕಟವಾಗಿತ್ತು. ವಯಸ್ಸಾದವರನ್ನು ಕುರ್ಚಿಯಿಂದ ಎಬ್ಬಿಸಿ ಹೊರಗೆ ಕಳಿಸುವ ಯಾವ ಬರಹವನ್ನೂ ನಾನು ಹಳಿಯುವವನಲ್ಲ. ಆದರೆ 38 ವರ್ಷ ಓಡಿದ, ಈಗ 69ರಲ್ಲಿರುವ, ವೃತ್ತಿಯಿಂದ ಜೀವಶಾಸ್ತ್ರದ ಅಧ್ಯಾಪಕನಾಗಿದ್ದ ನನಗೆ ಆ ಲೇಖನದಲ್ಲಿ ಅರ್ಧ ಸತ್ಯ ಮಾತ್ರ ಕಂಡಿತು. ಉಳಿದರ್ಧವನ್ನು ನಾನು ಮೆಟ್ಟಿಲ ಮೇಲಿಂದ ಬಿದ್ದು ಕಲಿಯಬೇಕಾಯಿತು. ಅದನ್ನು ನಿಮ್ಮ ಓದುಗರು ಬೀಳದೆಯೇ ಕಲಿಯಲಿ ಎಂಬ ಕಾರಣಕ್ಕೆ ಈ ಪತ್ರ ತುಸು ಉದ್ದವಾಗಿದೆ, ಮನ್ನಿಸಬೇಕು.

ಆ ಬಿದ್ದ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ದಿನ ಬೆಳಗ್ಗೆ ಎಂದಿನಂತೆ 12 ಕಿಲೋಮೀಟರ್ ಓಡಿ ಬಂದಿದ್ದೆ. ಅದೇ ಸಂಜೆ ಮೆಟ್ಟಿಲಿಳಿಯುವಾಗ, ಇನ್ನು ಮೂರೇ ಮೆಟ್ಟಿಲು ಉಳಿದಿವೆ ಎನ್ನುವಾಗ, ಹಿಮ್ಮಡಿ ಅಂಚಿನಿಂದ ಜಾರಿತು. ಜಾರಿದ್ದು ಗೊತ್ತಾಯಿತು, ಇನ್ನೊಂದು ಕಾಲನ್ನು ಚಟ್ಟನೆ ಮುಂದಿಡಬೇಕೆಂಬುದೂ ಗೊತ್ತಾಯಿತು, ಆದರೆ ಆ ಕಾಲು ಬರುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಎಡ ಮುಂಗೈಯ ಮೂಳೆ ಬಿರುಕುಬಿಟ್ಟಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಒಬ್ಬರು ಮುರಿದ ಕೈಗಿಂತ ಹೆಚ್ಚು ಹೊತ್ತು ಉಳಿದ ದೇಹವನ್ನು ಪರೀಕ್ಷಿಸಿದರು. ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ನನಗೆ 14 ಸೆಕೆಂಡು ಹಿಡಿಯಿತು. 15 ದಾಟಿದರೆ ಕಾಲಿನ ಬಲ ಕುಂದಿದೆ ಎಂದೇ ಲೆಕ್ಕ ಎಂದು ಯುರೋಪಿನ ತಜ್ಞರ ತಂಡವೊಂದು 2019ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾನದಂಡ ಹೇಳುತ್ತದೆ. ಹಿಡಿತ ಅಳೆಯುವ ಉಪಕರಣವನ್ನು ನೋವಿಲ್ಲದ ಬಲಗೈಯಲ್ಲಿ ಶಕ್ತಿಮೀರಿ ಹಿಸುಕಿದೆ, ಮುಳ್ಳು 25 ಕಿಲೋಗ್ರಾಮಿಗೇ ನಿಂತಿತು. ಅದೇ ಮಾನದಂಡದ ಪ್ರಕಾರ ಗಂಡಸರಿಗೆ 27ಕ್ಕಿಂತ, ಹೆಂಗಸರಿಗೆ 16ಕ್ಕಿಂತ ಕೆಳಗಿಳಿದರೆ ಅದು ಬಲಹೀನತೆ. ನಿಂತಲ್ಲೇ ಮೇಲಕ್ಕೆ ನೆಗೆಯಲು ಹೇಳಿದಾಗ ನೆಲಕ್ಕೂ ಪಾದಕ್ಕೂ ನಡುವೆ ಅಂಗೈಯಗಲದ ಸಂದೂ ಬೀಳಲಿಲ್ಲ. ಟ್ರೆಡ್‌ಮಿಲ್ ಮೇಲೆ ಮಾತ್ರ ನಾನು 50ರವನಂತೆ ಓಡಿದೆ. "ನಿಮಗೆ ದಮ್ಮಿದೆ ಸರ್, ಕಸುವಿಲ್ಲ" ಎಂದರು ಅವರು. ನಿಮ್ಮ ಲೇಖನದಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಈ ಒಂದು ವಾಕ್ಯವನ್ನೇ.

ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ವೈದ್ಯಲೋಕ ಇಟ್ಟಿರುವ ಹೆಸರು ಸಾರ್ಕೋಪೀನಿಯ. ಮಾಂಸದ ಬಡತನ ಎಂದು ಅದರ ಗ್ರೀಕ್ ಮೂಲದ ಅರ್ಥ. 1980ರ ದಶಕದ ಕೊನೆಯಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಟಂಕಿಸಿದರು. ಕೂದಲು ನರೆಯುವಷ್ಟೇ ಸಾಮಾನ್ಯವಾದ ಈ ಸಂಗತಿಗೆ ಅಲ್ಲಿಯವರೆಗೆ ಒಂದು ಹೆಸರೂ ಇರಲಿಲ್ಲ ಎಂಬುದೇ ಸೋಜಿಗ. 1988ರಲ್ಲಿ ಸ್ವೀಡನ್ನಿನ ಸಂಶೋಧಕರು 15ರಿಂದ 83 ವರ್ಷದವರೆಗಿನ, ಸಾಯುವ ಮುನ್ನ ಆರೋಗ್ಯವಾಗಿದ್ದ 43 ಗಂಡಸರ ತೊಡೆಯ ಸ್ನಾಯುವೊಂದನ್ನು ಪೂರ್ತಿಯಾಗಿ ಅಡ್ಡ ಕೊಯ್ದು, ಅದರ ಎಳೆಗಳಾದ ತಂತುಗಳನ್ನು ಎಣಿಸಿ ನೋಡಿದ್ದರು. 20ರಿಂದ 80ರ ನಡುವೆ ಆ ಸ್ನಾಯುವಿನ ಗಾತ್ರ ಸುಮಾರು ಶೇ 40ರಷ್ಟು ಕುಗ್ಗಿತ್ತು. ಇದಕ್ಕೆ ಮುಖ್ಯ ಕಾರಣ ತಂತುಗಳು ಸಣ್ಣಗಾದದ್ದಲ್ಲ, ಅವುಗಳ ಸಂಖ್ಯೆಯೇ ಇಳಿದದ್ದು. ಸಣ್ಣಗಾದದ್ದನ್ನು ಮತ್ತೆ ದಪ್ಪಗಾಗಿಸಬಹುದು; ಇಲ್ಲವಾದ ತಂತುವನ್ನು ಮರಳಿ ತರುವ ದಾರಿ ಇಂದಿಗೂ ನಮ್ಮ ಕೈಯಲ್ಲಿಲ್ಲ. ಇನ್ನೊಂದು ಮಾತು: ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ, ಬಲಕ್ಕಿಂತಲೂ ಚುರುಕು, ಅಂದರೆ ಬಲವನ್ನು ಕ್ಷಣಾರ್ಧದಲ್ಲಿ ಪ್ರಯೋಗಿಸುವ ಸಾಮರ್ಥ್ಯ, ಇನ್ನೂ ಬೇಗ ಇಳಿಯುತ್ತದೆ. ಕನ್ನಡಿಯ ಮುಂದೆ ನಿಂತು ತೊಡೆ ಸೊರಗಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಹಾಗಾದರೆ ದೀರ್ಘಕಾಲದ ಓಟ, ಸೈಕಲ್ಲುಗಳಿಂದ ಸ್ನಾಯುವಿಗೆ ಲಾಭವೇ ಇಲ್ಲವೇ? ಇದೆ, ಅದೂ ಬಹಳ ದೊಡ್ಡ ಲಾಭ. ಅಷ್ಟರಮಟ್ಟಿಗೆ ನಿಮ್ಮ ಲೇಖಕರ ಮಾತು ನಿಜ. 1967ರಲ್ಲಿ ಜಾನ್ ಹಾಲೋಸ್ಜಿ ಎಂಬ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳ ಸಾಮರ್ಥ್ಯ ಹೆಚ್ಚುಕಡಿಮೆ ದುಪ್ಪಟ್ಟಾದದ್ದನ್ನು ತೋರಿಸಿದ ಮೇಲೆ, ಓಟವೆಂದರೆ ಹೃದಯದ ವ್ಯಾಯಾಮ ಮಾತ್ರ ಎಂಬ ಹಳೆಯ ಎಣಿಕೆ ಬದಲಾಯಿತು. ಅಮೆರಿಕದ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 50 ವರ್ಷಕ್ಕೂ ಮೇಲ್ಪಟ್ಟು ಓಟವನ್ನೋ ಸೈಕಲ್ಲನ್ನೋ ಬಿಡದ, 70 ದಾಟಿದ 28 ಮಂದಿಯಿದ್ದರು. ಅವರ ತೊಡೆಯಿಂದ ಸೂಜಿಯಲ್ಲಿ ತೆಗೆದ ಚೂರನ್ನು ಪರೀಕ್ಷಿಸಿದಾಗ, ತಂತುಗಳನ್ನು ಸುತ್ತುವರಿದ ಲೋಮನಾಳಗಳೂ, ಆಮ್ಲಜನಕವನ್ನು ಬಳಸುವ ಕಿಣ್ವಗಳೂ 20ರ ಹರೆಯದ ವ್ಯಾಯಾಮಪಟುಗಳಿಗೆ ಸಮನಾಗಿದ್ದವು. ಅದಕ್ಕೂ ಮುನ್ನ, 2013ರಲ್ಲಿ, ಜೀವನವಿಡೀ ಹಿಮದ ಮೇಲೆ ಸ್ಕೀ ಓಟ ನಡೆಸಿದ, 80 ದಾಟಿದ ಒಂಬತ್ತು ಸ್ವೀಡಿಷರನ್ನು ಪರೀಕ್ಷಿಸಲಾಗಿತ್ತು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯಲ್ಲಿ ಅವರು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸರಾಸರಿ 38 ಮಿಲಿಲೀಟರ್ ತಲುಪಿದರೆ, ಆರೋಗ್ಯವಂತರಾಗಿದ್ದೂ ವ್ಯಾಯಾಮದ ಅಭ್ಯಾಸವಿರದ ಅದೇ ವಯಸ್ಸಿನವರು 21ರಲ್ಲೇ ನಿಂತರು. ಈ ಎರಡು ಅಂಕಿಗಳ ನಡುವಿನ ಅಂತರವೇ ಒಬ್ಬರು ಏದುಸಿರಿಲ್ಲದೆ ಗುಡ್ಡ ಹತ್ತುವುದಕ್ಕೂ, ಇನ್ನೊಬ್ಬರು ಸ್ನಾನ ಮುಗಿಸಿ ಸುಸ್ತಾಗಿ ಕೂರುವುದಕ್ಕೂ ಇರುವ ಅಂತರ.

ಇದಕ್ಕಿಂತ ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ನರಗಳ ಸಂಗತಿ. ನಿಮ್ಮ ಲೇಖನ ಇದನ್ನು ಮುಟ್ಟಲೇ ಇಲ್ಲವಾದ್ದರಿಂದ ತುಸು ವಿವರಿಸುತ್ತೇನೆ. ಬೆನ್ನುಹುರಿಯಲ್ಲಿರುವ ಒಂದೊಂದು ಚಾಲಕ ನರಕೋಶವೂ ಸ್ನಾಯುವಿನ ಹತ್ತಾರು, ಕೆಲವೊಮ್ಮೆ ಸಾವಿರಾರು ತಂತುಗಳನ್ನು ಆಳುತ್ತದೆ. ವಯಸ್ಸಾದಂತೆ, ಅದರಲ್ಲೂ 60 ದಾಟಿದ ಮೇಲೆ, ಈ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಹಾಗೆ ಸತ್ತಾಗ ಅದರ ತಂತುಗಳೆಲ್ಲ ಒಮ್ಮೆಲೇ ಒಡೆಯನಿಲ್ಲದಂತಾಗುತ್ತವೆ. ಪಕ್ಕದಲ್ಲಿ ಬದುಕುಳಿದ ನರಕೋಶವು ಹೊಸ ಟಿಸಿಲೊಡೆದು ಅವುಗಳಲ್ಲಿ ಕೆಲವನ್ನು ದತ್ತು ತೆಗೆದುಕೊಂಡರೆ ಅವು ಉಳಿಯುತ್ತವೆ, ಇಲ್ಲವಾದರೆ ಸೊರಗಿ ಮಾಯವಾಗುತ್ತವೆ. ಎಳೆಯ ಸ್ನಾಯುವಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಧಾನದ ತಂತುಗಳೂ ವೇಗದ ತಂತುಗಳೂ ಚದುರಂಗದ ಹಾಸಿನಂತೆ ಬೆರೆತುಕೊಂಡಿರುತ್ತವೆ. ದತ್ತು ನಡೆದ ಸ್ನಾಯುವಿನಲ್ಲಾದರೋ ಒಂದೇ ಬಣ್ಣದವು ಗುಂಪು ಗುಂಪಾಗಿ ಕೂತಿರುತ್ತವೆ, ಏಕೆಂದರೆ ತಂತುವಿನ ಜಾತಿಯನ್ನು ತೀರ್ಮಾನಿಸುವುದು ಅದನ್ನು ಆಳುವ ನರ. ಆಸ್ಟ್ರಿಯ ಮತ್ತು ಇಟಲಿಯ ಸಂಶೋಧಕರು 30 ವರ್ಷಕ್ಕೂ ಹೆಚ್ಚು ಕಾಲ ಕ್ರೀಡೆಯಲ್ಲಿ ತೊಡಗಿದ್ದ, 70ರ ಆಸುಪಾಸಿನವರ ಸ್ನಾಯುವಿನಲ್ಲಿ ಇಂಥ ಗುಂಪುಗಳು ಎದ್ದು ಕಾಣುವಷ್ಟಿರುವುದನ್ನು 2014 ಮತ್ತು 2015ರಲ್ಲಿ ವರದಿ ಮಾಡಿದರು. ಎಂದರೆ, ಆ ವಯೋವೃದ್ಧ ಕ್ರೀಡಾಪಟುಗಳೂ ಮುಪ್ಪಿನಿಂದ ಪಾರಾದವರಲ್ಲ. ಅವರ ನರಕೋಶಗಳೂ ಸತ್ತಿವೆ. ಆದರೆ ಒಡೆಯನನ್ನು ಕಳೆದುಕೊಂಡ ತಂತುಗಳನ್ನು ಕಾಪಾಡುವ ಕೆಲಸ ಅವರಲ್ಲಿ ಚೆನ್ನಾಗಿ ನಡೆದಿದೆ. ಮುಪ್ಪು ಬರಲೇ ಇಲ್ಲ ಎನ್ನುವುದಕ್ಕೂ, ಬಂದ ಮುಪ್ಪನ್ನು ದೇಹ ಜಾಣತನದಿಂದ ನಿಭಾಯಿಸಿತು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ನರಕೋಶಗಳ ಸಾವನ್ನೇ ವ್ಯಾಯಾಮ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಇತ್ಯರ್ಥವಾಗಿಲ್ಲ. 2010ರಲ್ಲಿ ಕೆನಡಾದ ತಂಡವೊಂದು 65ರ ಹತ್ತಿರದ ಓಟಗಾರರ ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯುವಿನಲ್ಲಿ ನರಘಟಕಗಳ, ಅಂದರೆ ಒಂದು ನರಕೋಶ ಮತ್ತು ಅದು ಆಳುವ ತಂತುಗಳು ಸೇರಿದ ಘಟಕಗಳ, ಸಂಖ್ಯೆ 25ರ ಯುವಕರಷ್ಟೇ ಇದೆಯೆಂದು ಅಂದಾಜಿಸಿ ಆಸೆ ಹುಟ್ಟಿಸಿತು. ಎರಡು ವರ್ಷಗಳ ನಂತರ ಅದೇ ತಂಡ ಓಟಗಾರರ ತೋಳನ್ನು ಪರೀಕ್ಷಿಸಿದಾಗ ಅಲ್ಲಿ ಅಂಥ ರಕ್ಷಣೆಯೇನೂ ಕಾಣಲಿಲ್ಲ. ಓಡಿದ್ದು ಕಾಲು, ಉಳಿದದ್ದೂ ಕಾಲು. ಮುಂದೆ 2016ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹಿರಿಯ ಕ್ರೀಡಾಪಟುಗಳ ಕಾಲಿನಲ್ಲೂ ಘಟಕಗಳ ಸಂಖ್ಯೆ ಯುವಕರಿಗಿಂತ ಕಡಿಮೆಯೇ ಇದೆಯೆಂದರು. ನನ್ನ ಬಲಗೈಯ 25 ಕಿಲೋಗ್ರಾಮಿನ ಹಿಡಿತವನ್ನು ನೆನೆದಾಗಲೆಲ್ಲ ಆ ತೋಳಿನ ಅಧ್ಯಯನ ನೆನಪಾಗುತ್ತದೆ. 38 ವರ್ಷ ನನ್ನ ಕೈಗಳು ಮಾಡಿದ ಕೆಲಸವೆಂದರೆ ಕಾಲುಗಳ ತಾಳಕ್ಕೆ ಹಿಂದೆಮುಂದೆ ತೂಗಾಡಿದ್ದು ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1990ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನ ನನ್ನ ಪ್ರಕಾರ ಈ ಇಡೀ ಚರ್ಚೆಯ ಕೀಲಿಕೈ. 70ರ ಆಸುಪಾಸಿನ ಗಂಡಸರಲ್ಲಿ ಈಜುವವರು, ಓಡುವವರು, ಭಾರ ಎತ್ತುವವರು, ವ್ಯಾಯಾಮವನ್ನೇ ಮಾಡದವರು ಎಂದು ಬೇರೆ ಬೇರೆ ಗುಂಪು ಮಾಡಿ, 12ರಿಂದ 17 ವರ್ಷಗಳ ಅಭ್ಯಾಸ ಅವರ ಸ್ನಾಯುವಿಗೆ ಏನು ಮಾಡಿದೆಯೆಂದು ನೋಡಲಾಯಿತು. ಭಾರ ಎತ್ತುತ್ತಿದ್ದ ಮುದುಕರ ಸ್ನಾಯುವಿನ ಗಾತ್ರ ಮತ್ತು ಬಲ ಯುವಕರಿಗೆ ಸಮನಾಗಿತ್ತು. ಈಜುವವರ, ಓಡುವವರ ಗಾತ್ರ ಮತ್ತು ಬಲ ಸುಮ್ಮನೆ ಕೂತಿದ್ದ ಅದೇ ವಯಸ್ಸಿನವರಿಗಿಂತ ಬೇರೆಯಾಗಿರಲಿಲ್ಲ! ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಅಷ್ಟು ವರ್ಷ ಬೆಳಗಿನ ಜಾವದಲ್ಲೆದ್ದು ಓಡಿದವನನ್ನು, ಗಾತ್ರದ ಲೆಕ್ಕಕ್ಕಾದರೂ, ಹೊದ್ದು ಮಲಗಿದವನ ಸಾಲಿನಲ್ಲಿ ನಿಲ್ಲಿಸಿದರೆ ಯಾರಿಗೆ ತಾನೆ ಬೇಸರವಾಗುವುದಿಲ್ಲ? ಗುಂಪುಗಳು ಚಿಕ್ಕವು, ಗಂಡಸರನ್ನು ಮಾತ್ರ ನೋಡಿದ್ದಾರೆ ಎಂದು ತಳ್ಳಿಹಾಕಲು ನೋಡಿದೆ. ಆದರೆ ನಮ್ಮ ಸ್ನಾಯು ಕೆಲಸ ಮಾಡುವ ಕ್ರಮವನ್ನು ಬಲ್ಲವರಿಗೆ ಈ ಫಲಿತಾಂಶ ಅಚ್ಚರಿಯದಲ್ಲ.

ಕ್ರಮ ಹೀಗಿದೆ. ಎಲ್ವುಡ್ ಹೆನೆಮನ್ ಎಂಬ ನರವಿಜ್ಞಾನಿ 1950 ಮತ್ತು 60ರ ದಶಕಗಳಲ್ಲಿ ತೋರಿಸಿಕೊಟ್ಟಂತೆ, ಸ್ನಾಯುವನ್ನು ಬಿಗಿಗೊಳಿಸುವಾಗ ಚಿಕ್ಕ ನರಕೋಶಗಳು ಮೊದಲು ಕೆಲಸಕ್ಕಿಳಿಯುತ್ತವೆ, ದೊಡ್ಡವು ಕೊನೆಗೆ. ಚಿಕ್ಕವು ನಿಧಾನದ, ದಣಿಯದ ತಂತುಗಳ ಒಡೆಯರು. ದೊಡ್ಡವು ವೇಗದ, ದಪ್ಪನೆಯ, ಬೇಗ ದಣಿಯುವ ತಂತುಗಳ ಒಡೆಯರು. ಮಾತನಾಡುತ್ತಾ ಓಡಬಹುದಾದ ವೇಗದಲ್ಲಿ ಗಂಟೆಗಟ್ಟಲೆ ಓಡಿದರೂ ಹೆಚ್ಚಿನ ಕೆಲಸ ಚಿಕ್ಕವುಗಳಿಂದಲೇ ನಡೆದುಹೋಗುತ್ತದೆ. ದೊಡ್ಡವನ್ನು ಎಬ್ಬಿಸುವ ಸಂದರ್ಭವೇ ಬರುವುದಿಲ್ಲ. ಅವುಗಳಿಗೆ ಕರೆ ಹೋಗುವುದು ಭಾರ ಹೆಚ್ಚಿದಾಗ, ಏರು ಕಡಿದಾದಾಗ, ಓಟ ದಾಪುಗಾಲಾದಾಗ, ಇಲ್ಲವೇ ಚಿಕ್ಕವು ದಣಿದು ಕೈಚೆಲ್ಲಿದಾಗ. ಮುಪ್ಪಿನಲ್ಲಿ ಮೊದಲು ಸೊರಗುವುದು ಇದೇ ವೇಗದ ತಂತುಗಳು. ಜಾರಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಚಟ್ಟನೆ ಮುಂದಿಡಿಸಬೇಕಾದವೂ ಇವೇ. ಮೂರು ಮೆಟ್ಟಿಲ ಮೇಲಿಂದ ನಾನೇಕೆ ಬಿದ್ದೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ನನಗೆ ಸಿಕ್ಕಿಲ್ಲ. ಬೆಳಗಿನ 12 ಕಿಲೋಮೀಟರಿನಲ್ಲಿ ದುಡಿದವು ಬೇರೆ, ಸಂಜೆ ಬೇಕಾಗಿದ್ದವು ಬೇರೆ.

ಸ್ನಾಯುವಿನೊಳಗಿನ ಸಂಕೇತಗಳೂ ಬೇರೆ ಬೇರೆ. ದೀರ್ಘ ಓಟದಲ್ಲಿ ಶಕ್ತಿಯ ದಾಸ್ತಾನು ಖಾಲಿಯಾಗುತ್ತಾ ಹೋಗುವುದು, ಕ್ಯಾಲ್ಸಿಯಮ್ಮಿನ ಅಲೆಗಳು ಮತ್ತೆ ಮತ್ತೆ ಏಳುವುದು ಮೈಟೋಕಾಂಡ್ರಿಯಗಳನ್ನು ಹೆಚ್ಚಿಸಲು ಅಪ್ಪಣೆ ಕೊಡುತ್ತವೆ. ತಂತು ದಪ್ಪಗಾಗಲು ಬೇಕಾದ ಅಪ್ಪಣೆ ಬರುವುದು ಮುಖ್ಯವಾಗಿ ಭಾರಿ ಎಳೆತದಿಂದ. ಒಂದರ ಕೂಲಿಯನ್ನು ಇನ್ನೊಂದರ ಖಾತೆಗೆ ಹಾಕಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನ್ಯಾಯವಾಗಿ ಅದನ್ನೂ ಹೇಳಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 55ರಿಂದ 79 ವರ್ಷದ 125 ಹವ್ಯಾಸಿ ಸೈಕಲ್ ಸವಾರರನ್ನು ಪರೀಕ್ಷಿಸಿ 2015 ಮತ್ತು 2018ರಲ್ಲಿ ಪ್ರಕಟಿಸಿದ ಫಲಿತಾಂಶಗಳು ನನ್ನ ಮಾತಿಗೆ ವಿರುದ್ಧವಾಗಿ ತೋರುತ್ತವೆ. ಗಂಡಸರು 100 ಕಿಲೋಮೀಟರನ್ನು ಆರೂವರೆ ಗಂಟೆಯೊಳಗೆ, ಹೆಂಗಸರು 60 ಕಿಲೋಮೀಟರನ್ನು ಐದೂವರೆ ಗಂಟೆಯೊಳಗೆ ಮುಗಿಸಬಲ್ಲವರಾಗಿರಬೇಕೆಂಬುದು ಅಲ್ಲಿ ಸೇರಲು ಇದ್ದ ಷರತ್ತು. ಅವರಲ್ಲಿ ಅನೇಕರ ತೊಡೆಯ ಸ್ನಾಯುವನ್ನು ನೋಡಿದಾಗ, 55ರವರಿಂದ 79ರವರವರೆಗೆ ಅದರ ಬಹುತೇಕ ಗುಣಗಳಲ್ಲಿ ವಯಸ್ಸಿನ ಗುರುತು ಕಾಣಲಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೈಕಲ್ಲಿನಲ್ಲಿ ಏರು ಹತ್ತುವವರ ತೊಡೆಗೆ ಬೀಳುವ ಭಾರ ಸಮತಟ್ಟಿನಲ್ಲಿ ಓಡುವವನ ತೊಡೆಗೆ ಬೀಳುವುದಕ್ಕಿಂತ ಬೇರೆಯದು. ಪರೀಕ್ಷಿಸಿದ ಸ್ನಾಯುವೂ ಅವರು ದಿನವೂ ದುಡಿಸುವ ಸ್ನಾಯುವೇ. ಅಲ್ಲದೆ, ಆ ಷರತ್ತನ್ನು ಪೂರೈಸಲಾಗದೆ ಹೋದ 79ರವರು ಯಾರೂ ಆ ಅಧ್ಯಯನದಲ್ಲಿಲ್ಲ.

ಈ ಕೊನೆಯ ಮಾತು ಇಂಥ ಎಲ್ಲ ಅಧ್ಯಯನಗಳಿಗೂ ಅನ್ವಯಿಸುತ್ತದೆ, ಮತ್ತು ನಿಮ್ಮ ಲೇಖನದ ಜೊತೆ ಅಚ್ಚಾದ ಚಿತ್ರಕ್ಕಂತೂ ಹೆಚ್ಚಾಗಿ ಅನ್ವಯಿಸುತ್ತದೆ. ತೊಡೆಯ ಅಡ್ಡ ಕೊಯ್ತದ ಮೂರು ಎಂಆರ್‌ಐ ಚಿತ್ರಗಳು: 40 ವರ್ಷದ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಪಟು, 74 ವರ್ಷದ ವ್ಯಾಯಾಮವಿಲ್ಲದ ವ್ಯಕ್ತಿ, 70 ವರ್ಷದ ಟ್ರಯಾಥ್ಲಾನ್ ಪಟು. ಮೊದಲನೆಯದೂ ಮೂರನೆಯದೂ ಅವಳಿಗಳಂತೆ ತುಂಬಿಕೊಂಡಿವೆ, ನಡುವಿನದರಲ್ಲಿ ಕೊಬ್ಬಿನ ನಡುವೆ ಸ್ನಾಯು ಒಣಗಿದ ಕಾಯಿಯಂತೆ ಕೂತಿದೆ. 2011ರ ಒಂದು ಅಧ್ಯಯನದಿಂದ ಬಂದ ಈ ಚಿತ್ರ ಲೋಕವನ್ನೆಲ್ಲ ಸುತ್ತಿದೆ. ವ್ಯಾಯಾಮಶಾಲೆಗಳ ಗೋಡೆಯ ಮೇಲೂ ನಾನು ನೋಡಿದ್ದೇನೆ. ಆದರೆ ಅದು ಮೂರು ಮಂದಿಯ ತೊಡೆ, ಅಷ್ಟೇ. ಅಧ್ಯಯನದಲ್ಲಿದ್ದ 40ರಿಂದ 81 ವರ್ಷದ 40 ಮಂದಿಯೂ ವಾರಕ್ಕೆ ನಾಲ್ಕೈದು ಬಾರಿ ಕಸರತ್ತು ಮಾಡುವವರೇ. ಒಬ್ಬನೇ ಮನುಷ್ಯನನ್ನು 40ರಲ್ಲಿ ಒಮ್ಮೆ, 70ರಲ್ಲಿ ಒಮ್ಮೆ ತೆಗೆದ ಚಿತ್ರಗಳಲ್ಲ ಅವು. ಮೂವತ್ತು ಐವತ್ತು ವರ್ಷ ಓಡುತ್ತಲೇ ಇದ್ದವರೆಂದರೆ ಮಂಡಿ ಸವೆಯದೆ, ಹೃದಯ ಕೈಕೊಡದೆ, ಹುಟ್ಟಿನಿಂದಲೇ ಗಟ್ಟಿ ಮೈ ಪಡೆದು ಉಳಿದವರು. ಓಟದಿಂದ ಅವರು ಗಟ್ಟಿಯಾದರೋ, ಗಟ್ಟಿಯಾಗಿದ್ದುದರಿಂದ ಓಡುತ್ತಾ ಉಳಿದರೋ ಎಂಬುದನ್ನು ಒಂದು ದಿನದ ಚಿತ್ರ ಹೇಳಲಾರದು. ಎರಡೂ ನಿಜವಿರಬಹುದು, ಎಷ್ಟೆಷ್ಟು ಪಾಲು ಎಂಬುದು ಬೇರೆ ಪ್ರಶ್ನೆ. ಹೆಂಗಸರ ಮಟ್ಟಿಗೆ ಪುರಾವೆ ಇನ್ನೂ ತೆಳು. ಮೇಲೆ ಹೇಳಿದ 28 ಮಂದಿಯಲ್ಲಿ ಹೆಂಗಸರು ಏಳೇ ಜನ. ಮುಟ್ಟು ನಿಂತ ನಂತರ ಸ್ನಾಯುವಿನಲ್ಲಾಗುವ ಬದಲಾವಣೆಗಳಿಗೆ ದೀರ್ಘಕಾಲದ ಓಟ ಹೇಗೆ ಸ್ಪಂದಿಸುತ್ತದೆಂದು ಗಂಡಸರ ಅಂಕಿ ಇಟ್ಟುಕೊಂಡು ಹೇಳುವುದು ಸರಿಯಲ್ಲ.

ಓಟದ ಪರಮಾವಧಿ ಎಲ್ಲಿಗೆ ಮುಟ್ಟುತ್ತದೆಂದು ನೋಡಬೇಕಾದರೆ ಕೆನಡಾದ ಎಡ್ ವಿಟ್‌ಲಾಕ್ ಅವರನ್ನು ನೋಡಬಹುದು. ಅವರು 2004ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ನನ್ನ ಯೌವನದ ಅತ್ಯುತ್ತಮ ಓಟವೂ ಅದರ ಹತ್ತಿರ ಸುಳಿದಿಲ್ಲ. ಅದೇ ವಿಟ್‌ಲಾಕ್ 2016ರಲ್ಲಿ, 85ರಲ್ಲಿ, ಅದೇ ದೂರಕ್ಕೆ 3 ಗಂಟೆ 56 ನಿಮಿಷ 34 ಸೆಕೆಂಡು ತೆಗೆದುಕೊಂಡರು. ಅದೂ ಆ ವಯಸ್ಸಿನಲ್ಲಿ ಲೋಕ ಕಂಡಿರದ ವೇಗವೇ. ಆದರೂ 12 ವರ್ಷಗಳಲ್ಲಿ ಒಂದು ಗಂಟೆಗೂ ಮಿಕ್ಕಿ ಹೋಯಿತು. ಅಷ್ಟು ಓಡಿದವರನ್ನೂ ವಯಸ್ಸು ಬಿಡಲಿಲ್ಲ.

ಹಾಗೆಂದು, ಹರೆಯದಲ್ಲಿ ಓಡದವರು ಈಗೇಕೆ ಎಂದು ಕೈಕಟ್ಟಿ ಕೂರಬೇಕಾಗಿಲ್ಲ. "ಜೀವನವಿಡೀ" ಎಂಬ ಪದವನ್ನು ನಿಮ್ಮ ಲೇಖನ ಎಷ್ಟು ಒತ್ತಿ ಹೇಳಿತೆಂದರೆ, ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅದನ್ನೋದಿ, "ನಮ್ಮ ಬಸ್ಸು ಹೋಯಿತು ಬಿಡಿ" ಎಂದರು. ಹೋಗಿಲ್ಲ. ಫ್ರಾನ್ಸಿನ ರೋಬೆರ್ ಮಾರ್ಶಾಂ ಎಂಬ ಸೈಕಲ್ ಸವಾರರು 101ನೆಯ ವಯಸ್ಸಿನಿಂದ ಎರಡು ವರ್ಷ ಕ್ರಮಬದ್ಧವಾಗಿ ಅಭ್ಯಾಸ ಮಾಡಿ ತಮ್ಮ ಆಮ್ಲಜನಕ ಬಳಕೆಯ ಗರಿಷ್ಠ ಅಳತೆಯನ್ನು 31ರಿಂದ 35 ಮಿಲಿಲೀಟರಿಗೆ ಏರಿಸಿಕೊಂಡರು, ಒಂದು ಗಂಟೆಯಲ್ಲಿ ಸಾಗಿದ ದೂರವನ್ನು 24ರಿಂದ ಹೆಚ್ಚುಕಡಿಮೆ 27 ಕಿಲೋಮೀಟರಿಗೆ ಒಯ್ದರು. ಕಸುವಿನ ಕಡೆಯ ಪುರಾವೆ ಇನ್ನೂ ಗಟ್ಟಿ. ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅದೂ ನಾಮಕಾವಸ್ತೆಯ ಭಾರವಲ್ಲ, ಅವರವರ ಗರಿಷ್ಠ ಸಾಮರ್ಥ್ಯದ ಶೇ 80ರವರೆಗೆ. ಪೂರ್ತಿಗೊಳಿಸಿದವರ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಸತ್ತ ನರಕೋಶಗಳು ಎದ್ದು ಬರಲಿಲ್ಲ. ಮಲಗಿದ್ದ ದೊಡ್ಡವು ಎದ್ದವು, ಸೊರಗಿದ್ದ ತಂತುಗಳು ದಪ್ಪಗಾದವು.

ಕಳೆದುಕೊಳ್ಳುವುದೂ ಅಷ್ಟೇ ಬೇಗ ಎಂಬುದನ್ನು ಮರೆಯಬಾರದು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಮ್ ಕೊಬ್ಬಿಲ್ಲದ ಅಂಗಾಂಶವನ್ನು ಕಳೆದುಕೊಂಡರು. ಜ್ವರಕ್ಕೋ ಶಸ್ತ್ರಚಿಕಿತ್ಸೆಗೋ ಹತ್ತು ದಿನ ಮಲಗುವುದು ನಮ್ಮ ವಯಸ್ಸಿನಲ್ಲಿ ಅಪರೂಪವೇನಲ್ಲ. ಕೂಡಿಟ್ಟದ್ದು ಹೆಚ್ಚಿದ್ದವರಿಗೆ ಆ ಹತ್ತು ದಿನ ತಡೆಯುತ್ತದೆ. ದಮ್ಮೊಂದನ್ನೇ ಕೂಡಿಟ್ಟವನು ಎದ್ದು ನಿಲ್ಲಲು ಇನ್ನೊಬ್ಬರ ತೋಳು ಹಿಡಿಯಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಎರಡೂ ಇವೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಎಂಬುದನ್ನು ಎಲ್ಲ ಪತ್ರಿಕೆಗಳೂ ಮತ್ತೆ ಮತ್ತೆ ಅಚ್ಚು ಹಾಕುತ್ತವೆ. ಅದರ ಕೆಳಗಿನ ಸಾಲಿನಲ್ಲಿರುವ, ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಮುಖ್ಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಎಂಬ ಭಾಗ ಮಾತ್ರ ಯಾಕೋ ಸ್ಥಳಾಭಾವಕ್ಕೆ ಬಲಿಯಾಗುತ್ತದೆ. ಪ್ರೋಟೀನಿನ ವಿಷಯವೂ ಹಾಗೆಯೇ. ವಯಸ್ಸಾದ ಸ್ನಾಯು ತಿಂದ ಪ್ರೋಟೀನಿಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲವಾದ್ದರಿಂದ, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.8 ಗ್ರಾಮ್ ಎಂಬ ಸಾಮಾನ್ಯ ಪ್ರಮಾಣದ ಬದಲು 1ರಿಂದ 1.2 ಗ್ರಾಮ್ ಬೇಕೆಂದು ಮುಪ್ಪಿನ ಪೋಷಣೆಯನ್ನು ಅಧ್ಯಯನ ಮಾಡಿದ ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ಇಂಥ ಅಧ್ಯಯನಗಳನ್ನು ವರದಿ ಮಾಡುವಾಗ ಎಷ್ಟು ಮಂದಿ, ಯಾವ ವಯಸ್ಸಿನವರು, ಗಂಡಸರೇ ಹೆಂಗಸರೇ, ಒಂದೇ ದಿನ ಅಳೆದದ್ದೇ ವರ್ಷಗಟ್ಟಲೆ ಹಿಂಬಾಲಿಸಿದ್ದೇ ಎಂಬುದನ್ನು ಒಂದು ಸಾಲಿನಲ್ಲಾದರೂ ಕೊಡಿ. ಮತ್ತು, ಆ ಲೇಖನದ ಮುಂದುವರಿಕೆಯಾಗಿ ಭಾರದ ವ್ಯಾಯಾಮದ ಬಗ್ಗೆ, ಬಲ್ಲವರಿಂದ, ಅಷ್ಟೇ ಉದ್ದದ ಇನ್ನೊಂದು ಲೇಖನ ಬರೆಸಿ. ಓದಿ ಓಡಲು ಹೊರಟವರು ನಿಲ್ಲುವುದು ಬೇಡ. ವಾರದಲ್ಲಿ ಎರಡು ದಿನ ಓಟವನ್ನು ಅರ್ಧ ಗಂಟೆ ಕಡಿಮೆ ಮಾಡಿ ಆ ಹೊತ್ತನ್ನು ಭಾರಕ್ಕೆ ಕೊಟ್ಟರೆ ಸಾಕು.

ನಾನು ಮಾಡುತ್ತಿರುವುದೂ ಅದನ್ನೇ. ಹನ್ನೊಂದು ತಿಂಗಳಿಂದ ವಾರಕ್ಕೆರಡು ಬಾರಿ, ಆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ, ಕೈಯಲ್ಲಿ ಡಂಬೆಲ್ ಹಿಡಿದು ಬಸ್ಕಿ ಹೊಡೆಯುತ್ತೇನೆ, ನೆಲದಿಂದ ಭಾರ ಎತ್ತುತ್ತೇನೆ, ಗೋಡೆಗೆ ಕೈಯಾನಿಸಿ ದಂಡ ತೆಗೆಯುವುದರಿಂದ ಶುರುಮಾಡಿ ಈಗ ನೆಲಕ್ಕಿಳಿದಿದ್ದೇನೆ. ಶಾಲೆಯಲ್ಲಿ ಹುಡುಗರಿಗೆ ಶಿಕ್ಷೆಯೆಂದು ಬಸ್ಕಿ ಹೊಡೆಸುತ್ತಿದ್ದವನಿಗೆ ಇದು ತಡವಾಗಿ ಬಂದ ನ್ಯಾಯವೆಂದು ಮನೆಯವರು ನಗುತ್ತಾರೆ. ಮೊದಲ ಆರು ವಾರ ಯಾವ ಬದಲಾವಣೆಯೂ ಕಾಣಲಿಲ್ಲ, ತೊಡೆ ನೋವಿನಿಂದ ಓಟವೂ ಕೆಟ್ಟಿತು. ಕಳೆದ ವಾರ ಅಳೆದಾಗ ಬಲಗೈಯ ಹಿಡಿತ 31 ಕಿಲೋಗ್ರಾಮ್, ಮುರಿದಿದ್ದ ಎಡಗೈಯದು 28. ಕುರ್ಚಿಯಿಂದ ಐದು ಬಾರಿ ಏಳಲು ಹತ್ತು ಸೆಕೆಂಡು. ಹತ್ತು ಕಿಲೋಮೀಟರ್ ಓಡುವ ನನ್ನ ಹೊತ್ತು ಮಾತ್ರ ಒಂದು ನಿಮಿಷವೂ ಕಡಿಮೆಯಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಅಧ್ಯಾಪಕ